ದೆವ್ವದ ಕಾಕಾ ಇಟ್ಟ ಹೆಸರು

ಕಾಕಾನ ಆಳು ಅಷ್ಟು ದೊಡ್ಡದು, ಪಾದಗಳು ಮಾತ್ರ ಹೆಂಗಸರ ಪಾದದಷ್ಟು ಸಣ್ಣವು. ಬಾಗಿಲು ತುಂಬುವ ಆ ದೇಹವನ್ನು ಪುಟ್ಟ ಪಾದಗಳ ಮೇಲೆ ಹೊತ್ತುಕೊಂಡು, ಒಂದಿಷ್ಟೂ ಸಪ್ಪಳವಿಲ್ಲದೆ ಅವರು ಅಂಗಳಕ್ಕೆ ಬಂದು ನಿಂತರೆ ಹಪ್ಪಳ ಒಣಹಾಕುತ್ತಿದ್ದವರು ಹೌಹಾರುತ್ತಿದ್ದರು. ನಮ್ಮ ಅತ್ತೆಗೆ ಚೇಷ್ಟೆ. "ಪಾದ ಮುಂದ ಅದಾವೋ, ಹಿಂದ ತಿರಗ್ಯಾವೋ, ಮೊದಲು ತೋರಸ್ರಿ!" ಎನ್ನುವರು. ಕಾಕಾ ಧೋತರದ ಅಂಚು ಎತ್ತಿ ತೋರಿಸುವರು. "ಇನ್ನೂ ತಿರಗಿಲ್ಲ ನೋಡ್ರಿ ವೈನಿ. ತಿರಗಿದ ದಿನಾ ಮೊದಲು ನಿಮಗ ಬಂದು ತಿಳಸ್ತೇನಿ."

ದೆವ್ವದ ಕಾದಂಬರಿ ಬರೆದು ಹುಬ್ಬಳ್ಳಿ-ಧಾರವಾಡದ ಅರ್ಧ ಮಂದಿಯ ನಿದ್ದೆ ಕೆಡಿಸಿದ ಪುಣ್ಯಾತ್ಮರು ಇವರೇ. ಊರೆಲ್ಲ ಅವರನ್ನು ದೆವ್ವದ ಕಾಕಾ ಎಂದೇ ಕರೆಯುತ್ತಿತ್ತು. ನಾನು ಸುಳ್ಳ ಎಂಬ ಹಳ್ಳಿಯಿಂದ ಮದುವೆಯಾಗಿ ಧಾರವಾಡದ ಮಾಳಮಡ್ಡಿಗೆ ಬಂದಾಗ ನಮ್ಮ ಸೀಮೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿದ ಹೊಸತು. ಕಚೇರಿಗಳ ಬೋರ್ಡಿನ ಮೇಲೆ ಮರಾಠಿ ಇನ್ನೂ ಮಾಸಿರಲಿಲ್ಲ. ನಮ್ಮ ಮನೆಗೂ ಕಾಕಾನ ಮನೆಗೂ ಒಂದೇ ಅಂಗಳ. ದೆವ್ವದವರ ನೆರೆಗೆ ಕೊಟ್ಟರಲ್ಲಾ ಎಂದು ನನ್ನವ್ವ ಮೊದಲು ಕಣ್ಣೀರು ಹಾಕಿದ್ದಳು. ಇಲ್ಲಿ ಬಂದು ನೋಡಿದರೆ ಆ ಮನುಷ್ಯನಿಗೇ ಹಲ್ಲಿ ಕಂಡರೆ ಜೀವ ಹೋಗುತ್ತಿತ್ತು. ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿದರೆ ಸಾಕು, ಅರ್ಧ ವಾಕ್ಯದಲ್ಲಿ ಪೆನ್ನು ಬಿಟ್ಟು ನಮ್ಮ ಅಂಗಳಕ್ಕೆ ಓಡಿಬರುವರು.

ಅವರ ದೆವ್ವಗಳು ರಾತ್ರಿ ಬರುತ್ತಿರಲಿಲ್ಲ. ಬೇಸಿಗೆಯ ಮಧ್ಯಾಹ್ನ, ಬೀದಿಯೆಲ್ಲ ನಿದ್ದೆಹೋಗಿ, ಬಿಸಿಲು ಅಂಗಳದಲ್ಲಿ ನೀರಿನ ಹಾಗೆ ತೂಗುವ ಹೊತ್ತಿಗೆ ಬರುತ್ತಿದ್ದವು. ಕಾಕಾ ಓದಿ ಹೇಳುತ್ತಿದ್ದುದೂ ಅದೇ ಹೊತ್ತಿಗೆ. ಓಣಿಯ ಹೆಂಗಸರೆಲ್ಲ ಶ್ಯಾವಿಗೆ ಮಣೆಯ ಮುಂದೆ ಕೂತು ಹಿಟ್ಟು ಎಳೆಯುತ್ತಿರುವಾಗ ಅವರು ಕಟ್ಟೆಯ ಮೇಲೆ ಕೂತು ಹೊಸ ಅಧ್ಯಾಯ ಶುರುಮಾಡುವರು. ಕಣ್ಣು ಹಾಳೆಯ ಮೇಲೆ ಅರ್ಧ, ನಮ್ಮ ಕೈಗಳ ಮೇಲೆ ಅರ್ಧ. ಎಲ್ಲಿ ಹೆದರಿ ಕೈ ನಿಲ್ಲುತ್ತದೋ ಅಲ್ಲಿ ಹಾಳೆಯ ಪಕ್ಕದಲ್ಲಿ ಒಂದು ಗೆರೆ. ಕೈ ಒಮ್ಮೆಯೂ ನಿಲ್ಲದಿದ್ದರೆ ಆ ಅಧ್ಯಾಯವೇ ಖಲಾಸ್, ಹರಿದು ನಮ್ಮ ಒಲೆಗೆ ಕೊಟ್ಟುಬಿಡುತ್ತಿದ್ದರು.

"ಮಾರಿ ನೋಡಿ ಏನ ಮಾಡೂದೈತಿ? ಮಾರಿ ಸುಳ್ಳ ಹೇಳತದ. ಕೈ ಸುಳ್ಳ ಹೇಳೂದಿಲ್ಲ" ಎನ್ನುತ್ತಿದ್ದರು, ನಮ್ಮ ಮುಖ ಯಾಕೆ ನೋಡುವುದಿಲ್ಲ ಎಂದು ಕೇಳಿದರೆ.

ನಮ್ಮ ಅತ್ತೆಯದು ಹಟ. ಎಂಥ ಹೆದರಿಕೆಯ ಜಾಗ ಬಂದರೂ ಶ್ಯಾವಿಗೆಯ ಎಳೆ ತುಂಡಾಗಗೊಡುತ್ತಿರಲಿಲ್ಲ. ಮೇಲೆ ಇನ್ನೊಂದು ಮಾತು: "ಹೊತ್ತಾತ್ರಿ, ಲಗೂ ಹೆದರಸ್ರಿ. ಅನ್ನಕ್ಕಿಡಬೇಕು."

ನಾನು ಬಸುರಿಯಾಗಿದ್ದ ವರ್ಷ ಅವರು ಹೊಸ ಕಾದಂಬರಿ ಹಿಡಿದಿದ್ದರು. ಕೀಲಿ ಹಾಕಿದ ಮನೆಯೊಳಗೆ ತೊಟ್ಟಿಲೊಂದು ತಾನೇ ತೂಗುತ್ತದೆ. ಹೊರಗೆ ನಿಂತವರಿಗೆ ಸರಪಳಿಯ ಕಿರ್ರೆನ್ನುವ ಸಪ್ಪಳ ಕೇಳುತ್ತದೆ. ಮೊದಲ ಅಧ್ಯಾಯಗಳು ಹುಬ್ಬಳ್ಳಿಯ ಮಾಸಪತ್ರಿಕೆಯಲ್ಲಿ ಬಂದವೋ ಇಲ್ಲವೋ, ಮುಂದೇನು ಎಂದು ಕೇಳುವವರು ಕಾಕಾನನ್ನು ಸಂತೆಯಲ್ಲೂ ಬಿಡಲಿಲ್ಲ. ನಾನು ಅದನ್ನು ಅರ್ಧಕ್ಕೇ ಬಿಟ್ಟು ಹೆರಿಗೆಗೆ ಸುಳ್ಳಕ್ಕೆ ಹೋದೆ.

ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕಿ ಹೆಸರಿಡುವ ಕಾರ್ಯಕ್ಕೆ ಕಡಲೆ ನೆನೆಹಾಕುವ ಮೊದಲೇ ಹೋಗಿಬಿಟ್ಟಿತು. ಹೊಲದ ಬದುವಿನಲ್ಲಿ ಮಣ್ಣು ಮಾಡಿ ಬಂದರು. ಹೆಸರಿಡದ ಕೂಸಿಗೆ ಸೂತಕವೂ ಇಲ್ಲ, ತಿಥಿಯೂ ಇಲ್ಲ. "ಹೆಸರಿಲ್ಲದ್ದಕ್ಕ ಅಳಬಾರದವ್ವಾ. ಇನ್ನೊಂದು ಆಗತೈತಿ ತಗೋ" ಎಂದರು ಹಿರಿಯರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೆ ನನಗೆ ಕೂಸು ಹೋದದ್ದಕ್ಕಿಂತ, ಅದು ಬಂದೇ ಇರಲಿಲ್ಲ ಎನ್ನುವ ಹಾಗೆ ಎಲ್ಲರೂ ನಡೆದುಕೊಂಡದ್ದೇ ಹೆಚ್ಚು ನೋವು ಕೊಟ್ಟಿತ್ತು. ಅತ್ತೆ ತಮ್ಮ ತಾಯಿಯ ಹೆಸರು ಇಡಬೇಕೆಂದಿದ್ದರು. ನಾನು ಮನಸ್ಸಿನಲ್ಲಿ ಬೇರೆಯದನ್ನು ಇಟ್ಟುಕೊಂಡಿದ್ದೆ, ಯಾರಿಗೂ ಹೇಳಿರಲಿಲ್ಲ.

ಮಾಳಮಡ್ಡಿಗೆ ತಿರುಗಿ ಬಂದೆ. ಮತ್ತೆ ಶ್ಯಾವಿಗೆ, ಮತ್ತೆ ಮಧ್ಯಾಹ್ನ. ಕಾಕಾ ಬಂದರು, ಓದಿದರು. ಆದರೆ ಅದು ಹಾಳುಬಾವಿಯ ಹಳೆಯ ಕಥೆ, ನಾವೆಲ್ಲ ಕೇಳಿದ್ದೇ. ಪತ್ರಿಕೆಯಲ್ಲೂ ಆ ತಿಂಗಳು ತೊಟ್ಟಿಲಿನ ಕಥೆ ಬಂದಿರಲಿಲ್ಲವಂತೆ. ನನ್ನ ಸಲುವಾಗಿ ಮುಚ್ಚಿಟ್ಟಿದ್ದಾರೆ ಎಂದು ತಿಳಿಯಲು ಬಹಳ ಜಾಣತನ ಬೇಕಿರಲಿಲ್ಲ. ಇವರೂ ಮುಚ್ಚಿಟ್ಟರಲ್ಲಾ ಎಂದು ಸಿಟ್ಟು ಬಂತು.

"ಕಾಕಾ, ಆ ತೊಟ್ಟಿಲು ಏನಾತ್ರಿ?" ಎಂದೆ.

ಅಂಗಳದ ಎಲ್ಲ ಕೈಗಳೂ ನಿಂತವು. ಅತ್ತೆಯದೂ ಸಹ. ಕಾಕಾ ಹಾಳೆ ಮಡಚಿಕೊಂಡು ಎದ್ದು ಹೋದರು.

ಮರುದಿನ ಅತ್ತೆ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದಾಗ ಕಾಕಾ ಬಂದು ಕಟ್ಟೆಯ ತುದಿಗೆ ಕೂತರು. ಬಿಸಿಲು ನೋಡುತ್ತಲೇ, "ತಂಗಿ, ಏನ ಹೆಸರ ಇಡಬೇಕಂತ ಮಾಡಿದ್ದಿ?" ಎಂದರು.

ಅಷ್ಟು ದಿನದಲ್ಲಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ. ನನ್ನ ಗಂಡ ಕೂಡ ಕೇಳಿರಲಿಲ್ಲ.

"ವನಮಾಲಾ" ಎಂದೆ. ಎಂದವಳೇ ಬಿಕ್ಕಿಬಿಕ್ಕಿ ಅಳತೊಡಗಿದೆ. ಅವರು ಸಮಾಧಾನ ಮಾಡಲಿಲ್ಲ, ಅಳಬೇಡ ಎನ್ನಲಿಲ್ಲ. ಕೂತೇ ಇದ್ದರು. ನಾನು ಕಣ್ಣೊರೆಸಿಕೊಂಡ ಮೇಲೆ, "ಅಂಥಾ ಕೂಸುಗಳು ತಿರಗಿ ಬರತಾವೇನ್ರಿ ಕಾಕಾ, ಖರೇ ಹೇಳ್ರಿ" ಎಂದು ಕೇಳಿದೆ.

"ನನಗ ಗೊತ್ತಿಲ್ಲ ತಂಗಿ. ಸುಳ್ಳ ಯಾಕ ಹೇಳಲಿ? ಬಂದ್ರ ಮಾತ್ರ ಯಾರೂ ಹೆದರಿ ಕದಾ ಹಾಕಬಾರದು."

ಮುಂದಿನ ಅಧ್ಯಾಯವನ್ನು ಅವರು ಅಂಗಳದಲ್ಲೇ ಓದಿದರು. ಮಂತ್ರವಾದಿ ಬಂದು ಕೀಲಿ ಒಡೆಸುತ್ತಾನೆ, ತೊಟ್ಟಿಲು ತೂಗುತ್ತಲೇ ಇದೆ. ಅವನು ನಿಂಬೆಹಣ್ಣು ಕೈಗೆತ್ತಿಕೊಂಡಾಗ ಓಣಿಯ ಮುದುಕಿಯೊಬ್ಬಳು, "ತಡೀರಿ, ಈ ಕೂಸು ಕಾಡಾಕ ಬಂದಿಲ್ಲ, ಹೆಸರು ಕೇಳಾಕ ಬಂದದ" ಎನ್ನುತ್ತಾಳೆ. ಹೆಂಗಸರು ಕೂಡುತ್ತಾರೆ, ಜೋಗುಳ ಹಾಡುತ್ತಾರೆ. ಹೆಸರಿಡುವ ಪದ್ಧತಿಯಂತೆ ಕೂಸಿನ ಸೋದರತ್ತೆ ಖಾಲಿ ತೊಟ್ಟಿಲಿಗೆ ಬಾಗಿ ಕುರ್ರ್ ಎಂದು ಹೆಸರು ಹೇಳುತ್ತಾಳೆ, ಉಳಿದವರು ಅವಳ ಬೆನ್ನಿಗೆ ಗುದ್ದುತ್ತಾರೆ. ವನಮಾಲಾ. ತೊಟ್ಟಿಲು ಮೆಲ್ಲಗೆ ನಿಲ್ಲುತ್ತದೆ. ಎಲ್ಲರಿಗೂ ಕಡಲೆ ಗುಗ್ಗರಿ ಹಂಚುತ್ತಾರೆ.

ಆ ಮಧ್ಯಾಹ್ನ ನಾನು ನಿದ್ದೆಯಲ್ಲಿದ್ದೆನೋ ಎಚ್ಚರಿದ್ದೆನೋ ಈಗಲೂ ಹೇಳಲಾರೆ. ಜೋಗುಳ ಹಾಳೆಯಿಂದ ಬಂತೋ, ನಮ್ಮಲ್ಲೇ ಯಾರಾದರೂ ಹಾಡಿದರೋ ಅದೂ ನೆನಪಿಲ್ಲ. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು, "ನಮ್ಮವ್ವನ ಹೆಸರಿಗಿಂತ ಛಲೋ ಅದ" ಎಂದು ಒಳಗೆ ಹೋದದ್ದು ಮಾತ್ರ ನೆನಪಿದೆ.

ಪುಸ್ತಕ ಓಡಲಿಲ್ಲ. ಪ್ರಕಾಶಕ ಹುಬ್ಬಳ್ಳಿಯಿಂದ ಬಂದು ಅಂಗಳಕ್ಕೆಲ್ಲ ಕೇಳುವ ಹಾಗೆ ಕೂಗಾಡಿದ: "ದೆವ್ವದ ಕಾದಂಬರ್ಯಾಗ ಗುಗ್ಗರಿ ಹಂಚೀರೇನ್ರಿ? ಮಂದಿ ನನ್ನ ಮಾರಿಗೆ ಉಗುಳಾಕತ್ತಾರ!" ಕಾಕಾ ನಗುತ್ತ ಅವನಿಗೆ ಚಹಾ ಕುಡಿಸಿ ಕಳಿಸಿದರು. ಮುಂದೆ ಮತ್ತೆ ರಕ್ತ, ಪಿಶಾಚಿ, ಹಾಳುಬಾವಿ ಎಲ್ಲ ಬರೆದರು. ಯಾಕೆ ಹಾಗೆ ಬರೆದಿರಿ ಎಂದು ಕೇಳಿದವರಿಗೆ, ಆ ತಿಂಗಳು ಬುದ್ಧಿ ಓಡಲಿಲ್ಲ ಎಂದುಬಿಡುತ್ತಿದ್ದರು. ನನ್ನ ವಿಷಯ ಮಾತ್ರ ಎಲ್ಲೂ ಬಾಯಿ ಬಿಡಲಿಲ್ಲ.

ಆಮೇಲೆ ನನಗೆ ಇಬ್ಬರು ಗಂಡುಮಕ್ಕಳಾದರು. ಅವರು ಶಾಲೆಗೆ ಹೋಗುವ ಹೊತ್ತಿಗೆ, ಒಂದು ಮಧ್ಯಾಹ್ನ ಊಟ ಮಾಡಿ ಆರಾಮಕುರ್ಚಿಗೆ ಒರಗಿದ ಕಾಕಾ ಏಳಲಿಲ್ಲ.

ಸಂತಾಪದ ಸಭೆಗೆ ಹುಬ್ಬಳ್ಳಿಯಿಂದ ಬಸ್ಸು ತುಂಬಿ ಮಂದಿ ಬಂದರು. ಅತ್ತೆ, ನಾನು ಹೆಂಗಸರ ಸಾಲಿನಲ್ಲಿ ಕೂತೆವು. ಒಬ್ಬೊಬ್ಬರೇ ಎದ್ದು ತಾವು ಹೆದರಿದ ಕಥೆ ಹೇಳತೊಡಗಿದರು. ಒಬ್ಬ ವಕೀಲರು ಅಣ್ಣನ ಕಾಲ್ಬೆರಳಿಗೆ ತಮ್ಮ ಕಾಲ್ಬೆರಳು ದಾರದಿಂದ ಕಟ್ಟಿಕೊಂಡು ಮಲಗುತ್ತಿದ್ದರಂತೆ. ಅಳಬೇಕಾದ ಸಭೆ ನಕ್ಕು ನಕ್ಕು ಸುಸ್ತಾಯಿತು. ಆಗ ಒಬ್ಬ ತರುಣ ಎದ್ದು, "ಎಲ್ಲಾ ಖರೇ. ಆದ್ರ ಆ ವನಮಾಲಾನ ಕತಿ ಒಂದು ಬರೀಬಾರದಿತ್ರಿ" ಎಂದ. ಹೌದು ಹೌದು ಎಂದರು ಹಲವರು. ವನಮಾಲಾ ಎಂಥ ದೆವ್ವ, ವನಮಾಲಾಗೆ ಇರುವೆಯೂ ಹೆದರಲಿಲ್ಲ ಎಂದು ನಗೆಯೋ ನಗೆ. ಅತ್ತೆ ನನ್ನ ಮೊಣಕೈ ಗಟ್ಟಿ ಹಿಡಿದುಕೊಂಡರು. ನನಗೆ ಸಿಟ್ಟು ಬರಲಿಲ್ಲ. ಸುಳ್ಳದ ಹೊಲದಲ್ಲಿ ಹೆಸರಿಲ್ಲದೆ ಮಣ್ಣಾದ ಕೂಸು. ಇಲ್ಲಿ ಇಷ್ಟು ಮಂದಿ ಹೆಸರು ಹಿಡಿದು ಬೈಯುತ್ತಿದ್ದಾರೆ. ಬೈಯಲಿ ಎನಿಸಿತು.

ನಮ್ಮ ಮುಂದಿನ ಸಾಲಿನಿಂದ ಹುಬ್ಬಳ್ಳಿಯ ಹೆಂಗಸೊಬ್ಬಳು ಎದ್ದಳು.

"ನನಗ ಅದ ಒಂದ ಪುಸ್ತಕ ಸಾಕ್ರಿ. ನನ್ನ ಮಗಳಿಗೆ ಅದ ಹೆಸರ ಇಟ್ಟೇನಿ. ದೆವ್ವದ ಹೆಸರು ಯಾರರ ಇಡತಾರೇನಂತ ಮನ್ಯಾಗ ದೊಡ್ಡ ಜಗಳಾತು. ಕತ್ಯಾಗ ಓಣಿ ಮಂದಿ ಎಲ್ಲಾ ಕೂಡಿ ಕರದ ಹೆಸರದು, ನಾ ಇಡಾಕಿನ ಅಂದೆ." ಅಷ್ಟು ಹೇಳಿ ಕೂತುಬಿಟ್ಟಳು.

ಸಭೆ ಮುಗಿದು ಹೊರಗೆ ಬಂದಾಗ ಸಂಜೆಬಿಸಿಲು. ಹುಣಸೆಮರದ ಕೆಳಗೆ ಬೇಸರಬಂದ ಮಕ್ಕಳೆಲ್ಲ ಧೂಳೆಬ್ಬಿಸಿ ಆಡುತ್ತಿದ್ದವು. ಅವುಗಳಲ್ಲಿ ಆ ಹೆಂಗಸಿನ ಮಗಳು ಯಾವುದು ಅಂತ ಗೊತ್ತಾಗಲಿಲ್ಲ. "ಲಗೂ ಬಾ, ಟಾಂಗಾ ನಿಂತದ" ಎಂದರು ಅತ್ತೆ. ನಾನು ಆ ಹೆಸರನ್ನು ಒಮ್ಮೆ ಕಾಕಾಗೆ ಹೇಳಿದ್ದು ಬಿಟ್ಟರೆ, ಅದನ್ನು ಹಿಡಿದು ಯಾರನ್ನೂ ಕರೆದವಳಲ್ಲ.

"ವನಮಾಲಾ" ಎಂದು ಕರೆದೆ.

ಎರಡು ಜಡೆಯ ಹುಡುಗಿಯೊಂದು ಆಟ ಬಿಟ್ಟು ತಿರುಗಿ ನಿಂತು, "ಏನ್ರೀ?" ಎಂದಿತು.