ಕುಂಕುಮ ಮೆತ್ತಿದ ಕಾಗದ

ನಮ್ಮ ಮಗ್ಗದ ಪಕ್ಕದ ಗೋಡೆಯ ಮಾಡದಲ್ಲಿ, ಲಾಳಿ ಕತ್ತರಿಗಳ ಜೊತೆಗೆ, ಒಂದು ಕಾಗದವಿತ್ತು. ಕಾಗದ ಅನ್ನುವುದಕ್ಕಿಂತ ಕುಂಕುಮದ ಹಲಗೆ ಅಂದರೆ ನಿಮಗೆ ಬೇಗ ತಿಳಿದೀತು. ನನ್ನ ದೊಡ್ಡಪ್ಪ ಮಹಾಯುದ್ಧಕ್ಕೆ ಹೋಗಿ ಬಂದಾಗ ಪಲ್ಟಣಿನವರು ಕೊಟ್ಟ ಬಿಡುಗಡೆಯ ಪತ್ರ ಅದು. ಗಜೇಂದ್ರಗಡದ ನೇಕಾರರು ನಾವು. ದಸರೆಯ ಖಂಡೇಪೂಜೆಯ ದಿನ ಅನ್ನ ಕೊಡುವ ಸಾಮಾನನ್ನೆಲ್ಲ ಪೂಜಿಸುವವರು. ಮೊಹರು ಬಿದ್ದ ಆ ಕಾಗದವೇ ಗಂಡನ ಆಯುಧವೆಂದು ನಂಬಿದ ದೊಡ್ಡವ್ವ, ವರ್ಷವರ್ಷವೂ ಅರಿಷಿಣ ಕುಂಕುಮ ಏರಿಸಿ, ಅಕ್ಷರಗಳನ್ನು ಭಕ್ತಿಯಿಂದಲೇ ಮುಚ್ಚಿಬಿಟ್ಟಿದ್ದಳು.

ಅದರೊಳಗೆ ಏನಿದೆಯೆಂಬುದು ಅವಳ ಮಾನದ ಪ್ರಶ್ನೆಯಾಗಿತ್ತು. ಯುದ್ಧ ಮುಗಿಯುವ ಮೊದಲೇ ಬಡಕಲಾಗಿ ಮರಳಿದ ದೊಡ್ಡಪ್ಪ ಅಲ್ಲಿಯ ಮಾತೆತ್ತದೆ ಎರಡು ವರ್ಷದಲ್ಲಿ ತೀರಿಕೊಂಡ. ಅವನು ದಂಡು ಬಿಟ್ಟು ಓಡಿಬಂದವನೆಂದು ಓಣಿಯ ರುದ್ರಪ್ಪಕಾಕಾ ಕಟ್ಟೆಯ ಮೇಲೆ ಕುಳಿತು ಸಾರುತ್ತಿದ್ದ. ನನ್ನನ್ನು ಕಂಡಾಗಲೆಲ್ಲ ಅದೇ ಮಾತು: "ನಿಮ್ಮ ದೊಡ್ಡಪ್ಪ ಭಾಳ ಶೂರ, ತಮ್ಮಾ. ಗುಂಡಿಗಿಂತ ಮುಂದ ಓಡಿದಾಂವ."

ಮನೆಯಲ್ಲಿ ಇಂಗ್ಲಿಷ್ ಬಲ್ಲವರಿರಲಿಲ್ಲ. ಕಾಗದವನ್ನು ಹೊರಗಿನವರ ಕೈಗೆ ಕೊಡಬಾರದು, ಪೂರಾ ಕಲಿಯುವ ತನಕ ನಾನೂ ಮುಟ್ಟಬಾರದೆಂದು ದೊಡ್ಡವ್ವನ ಕಟ್ಟಪ್ಪಣೆ. ರಜೆಯಲ್ಲೆಲ್ಲ ಮಗ್ಗದ ಕುಣಿಗಿಳಿದು ನೇಯ್ದು, ನೂಲಿನ ಗಂಜಿಯ ವಾಸನೆ ಹೋಗದ ಕೈಯಿಂದಲೇ ಪರೀಕ್ಷೆ ಬರೆದು, ಧಾರವಾಡದಲ್ಲಿ ಬಿ.ಎ. ಮುಗಿಸಿ ಬಂದೆ, ನಮ್ಮ ಮನೆತನದಲ್ಲಿ ಮೊದಲಿಗ. ದೊಡ್ಡವ್ವ ಕಾಗದ ತಂದು ಮಡಿಲಲ್ಲಿಟ್ಟಳು. ಮೇಲೆ ಹೆಸರು, ಕೆಳಗೆ ಮೊಹರು, ನಡುವೆ ಬರೀ ಕೆಂಪು. ಮೆಲ್ಲಗೆ ಕೆರೆದರೆ ಕುಂಕುಮದ ಸಂಗಡ ಮಸಿಯೂ ಕಿತ್ತುಬಂತು. ಪದವೀಧರ ತಲೆ ತಗ್ಗಿಸಿದ.

ತಗ್ಗಿಸಿಕೊಂಡೇ ಕೂರಲಿಲ್ಲವೆನ್ನಿ. ರೋಣದ ತಾಲೂಕು ಕಚೇರಿಗೆ ಮೂರು ಸಲ ಎಡತಾಕಿದೆ. ಮುದಿ ಗುಮಾಸ್ತರು ಕಥೆ ಕೇಳಿ ನಕ್ಕರು. ಮರಳಿದ ಸಿಪಾಯಿಗಳ ಯಾದಿಯಿಂದ ದೊಡ್ಡಪ್ಪನ ನಂಬರು ತೆಗೆದುಕೊಟ್ಟು, "ಇದಕ್ಕರ ಕುಂಕುಮ ಹಚ್ಚಬ್ಯಾಡ್ರಿ" ಅಂದರು. ಆ ನಂಬರು ಹಿಡಿದು ಪಲ್ಟಣಿನ ದಫ್ತರಕ್ಕೆ ಬರೆದೆ. ನಾಲ್ಕು ಸಲ ತಿದ್ದಿ ಬರೆದೆ. ಉತ್ತರ ಬಂದದ್ದು ದಸರೆಯ ಹೊಸ್ತಿಲಲ್ಲಿ.

ದೊಡ್ಡವ್ವ ಒಳಗೆ ಓದಗೊಡಲಿಲ್ಲ. ಕಟ್ಟೆಯ ಮೇಲೆ, ರುದ್ರಪ್ಪಕಾಕಾನ ಎದುರಿಗೇ ಕುಳಿತು ಕನ್ನಡ ಮಾಡಿ ಹೇಳಿದೆ: ಬರ್ಮಾದ ಗಡಿಯಲ್ಲಿ, ತೋಪಿನ ಗುಂಡು ಸಿಡಿಯುವಾಗ ತುಂಡಾಗುತ್ತಿದ್ದ ಟೆಲಿಫೋನಿನ ತಂತಿಗಳನ್ನು ಈತ ತೆವಳುತ್ತ ಹೋಗಿ ಮತ್ತೆ ಮತ್ತೆ ಕೂಡಿಸಿದ, ಜ್ವರದಿಂದ ಬಿದ್ದು ದವಾಖಾನೆ ಸೇರಿದಾಗ ಗೌರವದಿಂದ ಬಿಡುಗಡೆ ಮಾಡಲಾಯಿತು. ಕಾಕಾ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ. "ಇನ್ನೊಮ್ಮೆ ಓದು, ತಮ್ಮಾ" ಅಂದ.

ದೊಡ್ಡವ್ವ ಮಾತ್ರ ಬೆರಗಾಗಲಿಲ್ಲ. "ಹರದ ಎಳಿ ಹಂಗ ಬಿಟ್ಟು ಏಳೂ ಮನಶ್ಯಾ ಅಲ್ಲ ಅಂವ. ನನಗ ಗೊತ್ತಿತ್ತು. ಇವ್ರಿಗೆ ಓದಿ ಹೇಳೂದಿತ್ತು."

ಎಳೆ ಹರಿದರೆ ಕೂಡಿಸದೆ ಮಗ್ಗ ಬಿಟ್ಟೇಳಬಾರದು; ನಮ್ಮಲ್ಲಿ ಮಕ್ಕಳಿಗೆ ಕಲಿಸುವ ಮೊದಲ ಪಾಠ. ಸಾವಿರ ಮೈಲಿಯಾಚೆ, ಗುಂಡಿನ ಮಳೆಯಲ್ಲಿ, ದೊಡ್ಡಪ್ಪ ಅದನ್ನೇ ಪಾಲಿಸಿದ್ದ. ನಾನು ಧಾರವಾಡ, ರೋಣ ಅಲೆದು ಅರಿತದ್ದನ್ನು ಅವಳು ಮಗ್ಗದ ಪಕ್ಕದಲ್ಲೇ ಕುಳಿತು ಅರಿತಿದ್ದಳು. ಆದರೂ ಓಣಿಗೆ ಓದಿ ಹೇಳುವ ಬಾಯೊಂದು ಬೇಕಿತ್ತು. ಅದು ನನ್ನದಾಯಿತೆಂಬ ಹೆಮ್ಮೆಯನ್ನು ನಿಮ್ಮೆದುರು ಮುಚ್ಚಿಡಲಾರೆ.

ಖಂಡೇಪೂಜೆಯ ದಿನ ಕುಂಕುಮಕ್ಕೆ ಹೆದರಿ ಹೊಸ ಪತ್ರವನ್ನು ಬಚ್ಚಿಡಬೇಕೆಂದಿದ್ದೆ, ನಾಚಿಕೆಯಾಗಿ ಹೊರಗಿಟ್ಟೆ. ದೊಡ್ಡವ್ವ ಕುಂಕುಮದ ಬೆರಳನ್ನು ತಡೆದು, ತಂತಿ ಕೂಡಿಸಿದ ಸಾಲು ಯಾವುದೆಂದು ಕೇಳಿದಳು. ತೋರಿಸಿದೆ. ಆ ಸಾಲಿನ ಕೆಳಗೆ, ಒಂದಕ್ಷರಕ್ಕೂ ತಾಗದಂತೆ, ಒಂದೊಂದೇ ಬೊಟ್ಟಿಡುತ್ತ ಹೋದಳು.