ಬಾಲ್ದಿಗಿಳಿದ ಬೋಟುಗಳು

ಹ್ವಾಯ್, ಇವತ್ತು ಕುಂದಾಪುರದ ನಮ್ಮನೆ ಅಂಗಳದಲ್ಲಿ ಒಂದು ಬೋಟು ಮುಳುಗಿತು, ಇನ್ನೊಂದು ಮಗುಚಿತು. ಗಾಬರಿ ಬೇಡ, ಎರಡೂ ಹೆಬ್ಬೆರಳಿನಷ್ಟೇ ಉದ್ದ.

ನಾನೊಂದು ಬೋರ್ಡ್ ಗೇಮ್ ಮಾಡುತ್ತಿದ್ದೇನಲ್ಲ, ಅದರ ಕಾಯಿಗಳೆಲ್ಲ ಪುಟ್ಟ ಮೀನುಗಾರಿಕೆ ಬೋಟುಗಳು. ಮರದ್ದೊಂದು, ಪ್ಲಾಸ್ಟಿಕ್ಕಿನದೊಂದು ಸ್ಯಾಂಪಲ್ ಬಂದಿತ್ತು. ಯಾವುದು ಬೇಕೆಂದು ಮೈಸೂರಿನ ಕಾರ್ಖಾನೆಯವರಿಗೆ ಸಂಜೆಯೊಳಗೆ ಹೇಳಬೇಕಿತ್ತು. ಬುದ್ಧಿ ಕೆಟ್ಟು, ಬಲೆ ಸರಿಮಾಡುತ್ತಾ ಕೂತಿದ್ದ ದೊಡ್ಡಪ್ಪನಿಗೂ ಮಾವನಿಗೂ ತೋರಿಸಿದೆ.

ದೊಡ್ಡಪ್ಪ ಆಯುಷ್ಯವಿಡೀ ಮರದ ದೋಣಿಯಲ್ಲಿ ಹೋದವರು. "ಮರದ್ದೇ ಬೋಟ್. ಇನ್ನೊಂದ್ ಬರೀ ಡಬ್ಬಿ," ಎಂದರು.

ಮಾವನದು ಫೈಬರ್ ದೋಣಿ. "ಈಗ ಮರದ್ ದೋಣಿ ಯಾರ್ ಮಾಡ್ತ್ರ್? ನೀರಿಗ್ ಹಾಕಿ ಕಾಂಬ!"

"ಮಾವ, ಇದ್ ಮೇಜಿನ್ ಮೇಲೆ ಆಡುದ್," ಎಂದೆ. ಯಾರು ಕೇಳಬೇಕು? ಅಷ್ಟರಲ್ಲಿ ಬಾಲ್ದಿಗೆ ನೀರು ತುಂಬಿಯಾಗಿತ್ತು.

ಪ್ಲಾಸ್ಟಿಕ್ ಬೋಟು ಸೀದಾ ತಳ ಸೇರಿತು. "ಲೋಡ್ ಜಾಸ್ತಿ ಆಯ್ತ್," ಎಂದರು ಮಾವ.

ಮರದ್ದು ತೇಲಿತು, ಆದರೆ ಮಗುಚಿಕೊಂಡು. "ಎಷ್ಟ್ ಗಾಳಿ ಇತ್ತ್ ಕಾಣ್!" ಎಂದರು ದೊಡ್ಡಪ್ಪ. ಅಂಗಳದಲ್ಲಿ ಒಂದೆಲೆಯೂ ಅಲುಗುತ್ತಿರಲಿಲ್ಲ.

ಕೊನೆಗೆ ಇಬ್ಬರೂ ಒಂದಾಗಿ ನನ್ನ ಮೇಲೆಯೇ ಬಿದ್ದರು. "ಅಡಿ ಭಾರ ಇಲ್ದೆ ಬೋಟ್ ಕಟ್ಟುದಾ, ಮಾರಾಯಾ?"

ಸಂಜೆ ಮೈಸೂರಿಗೆ ಫೋನ್ ಮಾಡಿ, "ಮರದ್ದೇ ಇರಲಿ, ಅಡಿ ಮಾತ್ರ ಸ್ವಲ್ಪ ಭಾರ ಮಾಡಿ," ಎಂದೆ.

"ಯಾಕೆ ಸಾರ್, ನೀರಲ್ಲಿ ಆಡೋ ಆಟಾನಾ?"

"ಅಲ್ಲ, ಕುಂದಾಪುರದಲ್ಲಿ ಆಡೋದು."