ರಸ್ತೆ ಬದಿಯಲ್ಲಿ ಬಿಟ್ಟು ಹೋದರು

ಆಸ್ಟಿನ್ ಊರಿನಲ್ಲಿರುವ ನನ್ನ ಗೆಳತಿಯ ಗಂಡ ಬದುಕಿದ್ದಾಗ ನಮ್ಮ ಗುಂಪಿನಲ್ಲಿ ಯಾರ ಗಾಡಿ ಕೆಟ್ಟರೂ ಅವರೇ ಬೇಕಿತ್ತು. ನಮ್ಮವು ಬರಿಯ ಕಾರುಗಳಲ್ಲ, ಮೋಟರ್‌ಹೋಮ್‌ಗಳು. ಮಂಚ, ಒಲೆ, ಬಚ್ಚಲು ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಓಡುವ ಬಸ್ಸಿನಂಥ ಗಾಡಿಗಳು. ಮಕ್ಕಳು ಕಾಲೇಜು ಸೇರಿದ ಮೇಲೆ ನಾಲ್ಕು ಮನೆಯವರಿಗೆ ಒಟ್ಟಿಗೇ ಹತ್ತಿದ ಹುಚ್ಚು ಅದು. ನಾವು ಮರ್ಫಿ ಎಂಬ ಊರಿನವರು, ಇನ್ನುಳಿದವರು ಕಾಪೆಲ್‌ನ ಇಂಜಿನಿಯರ್ ದಂಪತಿ, ದ ವುಡ್‌ಲ್ಯಾಂಡ್ಸ್‌ನ ಡಾಕ್ಟರ್ ದಂಪತಿ, ಮತ್ತೆ ಧಾರವಾಡದ ಕಡೆಯಿಂದ ಬಂದು ಆಸ್ಟಿನ್ನಿನಲ್ಲಿ ನೆಲೆಸಿದ ಇವರಿಬ್ಬರು. ಡಾಕ್ಟರ ಗಾಡಿಯ ಕೊಳಚೆ ಪೈಪು ಬಿಚ್ಚಿಕೊಂಡಾಗ ಕೈಹಾಕಿ ಸರಿಮಾಡಿದವರು ಅವರು. ನನ್ನ ಗಂಡ ಗಾಡಿಯನ್ನು ಹಿಂದಕ್ಕೆ ತೆಗೆಯಲಾರದೆ ಬೆವರುವಾಗ ಸ್ಟಿಯರಿಂಗ್ ಹಿಡಿದವರೂ ಅವರೇ. ಒಂದು ದಿನ ಆಫೀಸಿನಲ್ಲೇ ಎದೆ ಹಿಡಿದುಕೊಂಡು ಕುಸಿದರು. ಅಷ್ಟೇ.

ಮುಂದಿನ ಚಳಿಗಾಲ, ಹ್ಯೂಸ್ಟನ್ನಿನ ಉತ್ತರದ ಪೈನ್ ಕಾಡಿನೊಳಗೆ ಹೋಗುವ ಉದ್ದದ ಕಾಲುದಾರಿಯನ್ನು ನಡೆದು ಮುಗಿಸೋಣ ಎಂದು ಡಾಕ್ಟರು ಯೋಜನೆ ಹಾಕಿದರು. ದಿನಾ ಒಂದಿಷ್ಟು ದೂರ ನಡೆಯುವುದು, ಸಂಜೆ ಗಾಡಿಗೆ ಮರಳುವುದು. ಓಡಾಟಕ್ಕೆಂದು ಡಾಕ್ಟರ ಗಾಡಿಯ ಹಿಂದೆ ಒಂದು ಕಾರನ್ನೂ ಕಟ್ಟಿ ತರುವುದೆಂದಾಯಿತು. ಗೆಳತಿಯೂ ಬರುತ್ತೇನೆಂದಳು. ಆಸ್ಟಿನ್ನಿನಿಂದ ಅಷ್ಟು ದೊಡ್ಡ ಗಾಡಿಯನ್ನು ಒಬ್ಬಳೇ ಡ್ರೈವ್ ಮಾಡಿಕೊಂಡು ಬಂದಳು. ವಾರದ ದಿನಗಳಲ್ಲಿ ದೇವಸ್ಥಾನದ ಪಾರ್ಕಿಂಗ್ ಖಾಲಿ ಇರುವಾಗ ರಿವರ್ಸ್ ಕಲಿತಿದ್ದಳಂತೆ. ಅವಳು ಕ್ಯಾಂಪಿನೊಳಗೆ ಬಂದಾಗ ಶಹಬ್ಬಾಸ್ ಎನ್ನುವುದು ಬಿಟ್ಟು ಡಾಕ್ಟರು ಕೇಳಿದ್ದು, "ಯಾಕೆ ಮೇಡಂ ಇಷ್ಟೊಂದು ರಿಸ್ಕ್ ತಗೋತೀರಾ?" ಅಂತ. ನನಗೆ ಅಲ್ಲೇ ಮೈ ಉರಿಯಿತು. ಅವಳು ನಕ್ಕು, ಇಳಿದು ಗಾಡಿಗೆ ನೀರಿನ ಪೈಪು ಜೋಡಿಸತೊಡಗಿದಳು.

ಮೊದಲ ದಿನ ಚೆನ್ನಾಗಿಯೇ ಹೋಯಿತು. ಎರಡನೆಯ ದಿನ ದಾರಿ ತಗ್ಗಿಗೆ ಇಳಿಯಿತು. ಹಿಂದಿನ ವಾರದ ಮಳೆನೀರು ನಿಂತು, ಎಲ್ಲಿ ನೋಡಿದರೂ ಕಪ್ಪು ಕೆಸರು. ಹಲಗೆ ಹಾಸಿದ್ದ ಕಡೆ ಹಲಗೆಯೇ ತೇಲಿಹೋಗಿತ್ತು. ಅಂಥದೊಂದು ಕೆಸರಿನಿಂದ ಕಾಲು ಕಿತ್ತುಕೊಂಡಾಗ ಗೆಳತಿಯ ಬೂಟಿನ ತಳ ಅಲ್ಲೇ ಉಳಿಯಿತು. ಗಂಡ ಕೊಡಿಸಿದ್ದ ಬೂಟು. ಗ್ಯಾರೇಜಿನ ಸೆಕೆಗೆ ಅಂಟು ಒಣಗಿಹೋಗಿದ್ದಿರಬೇಕು. ನಾನು ಟವೆಲ್ ಸೀಳಿ, ತಳವನ್ನು ಬೂಟಿಗೆ ಸೇರಿಸಿ ಬಿಗಿಯಾಗಿ ಕಟ್ಟಿದೆ. ನಡೆಯಲು ಬಂತು, ಆದರೆ ನಿಧಾನ. ಗಂಡಸರು ಮೂವರೂ ಮುಂದೆ ನಿಂತು ವಾಚ್ ನೋಡಿಕೊಳ್ಳುತ್ತಿದ್ದರು. ಉಳಿದಿಬ್ಬರು ಹೆಂಗಸರು ಆ ದಿನ ಕ್ಯಾಂಪಿನಲ್ಲೇ ಉಳಿದಿದ್ದರು.

ಕಾಲುದಾರಿ ಒಂದು ಡಾಂಬರು ರಸ್ತೆಯನ್ನು ದಾಟುವ ಕಡೆ ಡಾಕ್ಟರು ತೀರ್ಮಾನ ಕೊಟ್ಟರು. "ನೀವಿಬ್ಬರೂ ಇಲ್ಲೇ ಕೂತ್ಕೊಂಡಿರಿ. ನಾವು ಬೇಗ ಕ್ಯಾಂಪಿಗೆ ಹೋಗಿ ಕಾರ್ ಕಳಿಸ್ತೀವಿ."

"ನಾನೂ ಇಲ್ಲೇ ಇರ್ಲಾ?" ಎಂದು ನನ್ನ ಗಂಡ ಕೇಳಿದರು. ಕೇಳುತ್ತಿರುವಾಗಲೇ ಕಾಲು ಆ ಕಡೆಗೆ ಹೊರಟಿತ್ತು.

"ಬೇಡ, ಹೋಗಿ, ಬೇಗ ಕಾರ್ ತನ್ನಿ," ಎಂದೆ.

ಕೂತೆವು. ಫೋನಿಗೆ ಸಿಗ್ನಲ್ ಇರಲಿಲ್ಲ. ಮರದ ದಿಮ್ಮಿ ಹೊತ್ತ ಲಾರಿಗಳು ಗಾಳಿ ಎಬ್ಬಿಸಿಕೊಂಡು ಹೋದವು. ಒದ್ದೆ ಸಾಕ್ಸಿನಲ್ಲಿ ಕಾಲು ಮರಗಟ್ಟಿತು. ತಂದಿದ್ದ ಚಕ್ಕುಲಿ ಮುಗಿಯಿತು, ನೀರು ಮುಗಿಯಿತು, ಮಾತೂ ಮುಗಿಯಿತು. ಬಿಸಿಲು ಪೈನ್ ಮರಗಳ ಹಿಂದಕ್ಕೆ ಜಾರಿತು. ಪ್ರತಿಯೊಂದು ಕಾರಿನ ಸದ್ದಿಗೂ ನಾನು ಎದ್ದು ನಿಲ್ಲುತ್ತಿದ್ದೆ.

"ಬರ್ತಾರ ಬಿಡ್ರಿ ಅಕ್ಕಾ, ಏನರ ಅಡಚಣಿ ಆಗಿರಬೇಕು," ಎಂದಳು ಗೆಳತಿ.

"ಏನ್ರೀ ಅಡಚಣೆ? ಮೂರು ಜನ ಗಂಡಸರು, ಒಂದು ಕಾರು!"

ಕೊನೆಗೆ ಅವಳೇ ಎದ್ದಳು. "ನಡೀರಿ, ಹೋಗೋಣು. ಕೂತಷ್ಟೂ ಥಂಡಿ ಹತ್ತತದ."

ಕ್ಯಾಂಪಿನ ಕಡೆಗೆ ರಸ್ತೆಯ ಅಂಚಿನ ಹುಲ್ಲಿನಲ್ಲಿ ನಡೆದೆವು. ಟವೆಲ್ ಎರಡು ಸಲ ಬಿಚ್ಚಿತು. ಒಂದು ಹೆಜ್ಜೆಗೂ ಅವಳು ಗೊಣಗಲಿಲ್ಲ. ಇಬ್ಬರ ಪಾಲಿನ ಗೊಣಗಾಟವನ್ನೂ ನಾನೇ ಗೊಣಗಿದೆ. ಪೂರ್ತಿ ಕತ್ತಲಾಗುವುದರೊಳಗೆ ಕ್ಯಾಂಪಿನ ದೀಪಗಳು ಕಂಡವು. ನಾವು ಹಿಂಬದಿಯಿಂದ, ನಮ್ಮ ಗಾಡಿಯ ಪಕ್ಕದಿಂದ ಬಂದದ್ದರಿಂದ ಅವರಿಗೆ ಕಾಣಿಸಲಿಲ್ಲ. ಎಲ್ಲರೂ ಸ್ನಾನ ಮಾಡಿ, ಬೆಂಕಿಯ ಸುತ್ತ ಕುರ್ಚಿ ಹಾಕಿಕೊಂಡು ಕೂತಿದ್ದರು. ಕೈಯಲ್ಲಿ ಚಹಾ. ಡಾಕ್ಟರ ದನಿ ಸ್ಪಷ್ಟವಾಗಿ ಕೇಳಿತು.

"ಪಾಪ ಅನ್ಸತ್ತೆ, ಇಲ್ಲ ಅಂತಲ್ಲ. ಆದ್ರೆ ಒಬ್ಬರೇ ಹೀಗೆ ಬಂದ್ರೆ ಎಲ್ಲಾ ನಮ್ಮ ತಲೆ ಮೇಲೇ ಬರತ್ತೆ. ಮುಂದಿನ ಸಲ ಇವರಿಗೆ ಹೇಳೋದು ಬೇಡ."

"ಗಾಡಿ ಮಾರ್ಬಿಡಿ ಅಂತ ನಾನೇ ನಿಧಾನಕ್ಕೆ ಹೇಳ್ತೀನಿ," ಎಂದರು ಕಾಪೆಲ್‌ನವರು.

ನನ್ನ ಗಂಡ ಬೆಂಕಿಯ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡರು. ಚಹಾ ಕುಡಿದರು.

ಗೆಳತಿ ನನ್ನ ತೋಳು ಹಿಡಿದಳು. ನಾನು ಕೊಸರಿಕೊಂಡು ಬೆಳಕಿಗೆ ಬಂದೆ. "ಕಾರ್ ಎಲ್ಲಿ?" ಎಂದೆ.

ಎಲ್ಲರೂ ದಡಬಡಿಸಿ ಎದ್ದರು. ಕಾಪೆಲ್‌ನವರು ನನ್ನ ಗಂಡನ ಕಡೆ ನೋಡಿದರು, ನನ್ನ ಗಂಡ ಅವರ ಕಡೆ ನೋಡಿದರು. ಇವರು ಹೋಗಿದ್ದಾರೆಂದು ಅವರು, ಅವರು ಹೋಗಿದ್ದಾರೆಂದು ಇವರು. ಇಬ್ಬರೂ ಎದುರುಬದುರು ಕೂತು ಚಹಾ ಕುಡಿಯುತ್ತಿರುವಾಗ ಹೋದವರು ಯಾರು ಎಂದು ಯಾರಿಗೂ ಕೇಳಬೇಕೆನಿಸಿಲ್ಲ!

"ಕಮ್ಯುನಿಕೇಶನ್ ಗ್ಯಾಪ್ ಆಯ್ತು ಅಷ್ಟೇ," ಎಂದರು ಡಾಕ್ಟರು. "ಬನ್ನಿ, ಬಿಸಿ ಚಹಾ ಇದೆ."

"ಡಾಕ್ಟ್ರೇ, ನಿಮ್ಮ ಗಾಡಿಯ ಹೊಲಸಿಗೆ ಕೈಹಾಕಿದ ಮನುಷ್ಯನ ಹೆಂಡ್ತಿ ಇವಳು. ಆವತ್ತು ಅವರ ಗಾಡಿ ಮಾರಿಸೋ ಯೋಚನೆ ನಿಮಗ್ಯಾರಿಗೂ ಬರ್ಲಿಲ್ವಲ್ಲ? ಇವತ್ತು ಇವಳು ತಲೆ ಮೇಲಿನ ಭಾರ ಆದ್ಲಾ?"

"ಸಣ್ಣದನ್ನ ದೊಡ್ಡದು ಮಾಡ್ಬೇಡ, ಎಲ್ಲರೂ ಇದ್ದಾರೆ," ಎಂದು ನನ್ನ ಗಂಡ ಪಿಸುಗುಟ್ಟಿದರು.

"ಎಲ್ಲರೂ ಇರೋದಕ್ಕೇ ಹೇಳ್ತಿರೋದು! ನೀವು ಅಲ್ಲೇ ಕೂತು ಕೇಳಿಸ್ಕೊಂಡ್ರಲ್ಲ, ಒಂದು ಮಾತು ಆಡಕ್ಕಾಗ್ಲಿಲ್ವಾ?"

ನನ್ನ ದನಿ ಎಷ್ಟು ಏರಿತ್ತೆಂದರೆ ಆಚೆಯ ಗಾಡಿಯವರು ಕಿಟಕಿಯಿಂದ ಇಣುಕಿದರು. ಗೆಳತಿ ಮಾತ್ರ ಬೆಂಚಿನ ಮೇಲೆ ಕೂತು ಬೂಟಿನ ಗಂಟು ಬಿಚ್ಚುತ್ತಿದ್ದಳು. "ಅಕ್ಕಾ, ಸಾಕು ಬಿಡ್ರಿ," ಎಂದಳು. ಆಮೇಲೆ ಕಾಪೆಲ್‌ನವರ ಕಡೆ ತಿರುಗಿ ಮೆತ್ತಗೆ, "ಗಾಡಿ ನಾ ಮಾರೂದಿಲ್ರಿ. ನೀವು ಹೇಳೂ ತ್ರಾಸ ತಗೋಬ್ಯಾಡ್ರಿ," ಎಂದಳು. ಕಾಪೆಲ್‌ನವರು ಬಗ್ಗಿ ಬೆಂಕಿಗೆ ಕಟ್ಟಿಗೆ ಹಾಕಿದರು.

ನಾನು ನನ್ನ ಬಟ್ಟೆಬ್ಯಾಗು ಎತ್ತಿಕೊಂಡು ಅವಳ ಗಾಡಿಗೆ ಹೋದೆ. ಬೆಳಿಗ್ಗೆ ಅವಳು ಗಾಡಿ ಹಿಂದಕ್ಕೆ ತೆಗೆಯುವಾಗ ಮೂವರು ಗಂಡಸರೂ ಓಡಿ ಬಂದು, ಲೆಫ್ಟ್, ರೈಟ್ ಎಂದು ಕೈ ಬೀಸತೊಡಗಿದರು. ಮೂವರದೂ ಮೂರು ದಿಕ್ಕು. ಅವಳು ಕನ್ನಡಿ ನೋಡಿಕೊಂಡು, ಒಂದೇ ಸಲಕ್ಕೆ ತೆಗೆದು ರಸ್ತೆಗೆ ಬಂದಳು.

ಆ ದಾರಿಯ ಉಳಿದ ಭಾಗವನ್ನು ನಾವಿಬ್ಬರೇ, ರಜೆ ಸಿಕ್ಕಾಗಲೆಲ್ಲ ಹೋಗಿ ಮುಗಿಸಿದೆವು. ಒಂದೇ ಗಾಡಿ ಇದ್ದರೆ ಹೋದಷ್ಟು ದೂರ ತಿರುಗಿ ಬರಬೇಕು. ಹಾಗಾಗಿ ಎಲ್ಲವನ್ನೂ ಎರಡೆರಡು ಸಲ ನಡೆದೆವು. ಗಂಡಸರು ಮೂರನೆಯ ದಿನವೇ ಕೆಸರಿಗೆ ಬೇಸತ್ತು ಮನೆಗೆ ಮರಳಿದ್ದರು. ಆದರೂ ಯುಗಾದಿಯ ಊಟದಲ್ಲಿ ಡಾಕ್ಟರು ಆ ಕಾಡಿನ ಫೋಟೊ ತೋರಿಸಿ ಸಾಹಸದ ಕಥೆ ಹೇಳುತ್ತಿದ್ದರಂತೆ. ನಾನು ಆ ಊಟಕ್ಕೆ ಹೋಗಿರಲಿಲ್ಲ.

ನನ್ನ ಗಂಡ ಕ್ಷಮೆ ಕೇಳಿದ್ದಾರೆ, ನನ್ನನ್ನಲ್ಲ, ಅವಳನ್ನು. ಆಸ್ಟಿನ್ನಿಗೆ ಹೋಗಿ, ಎದುರಿಗೆ ಕೂತು. ಅವಳು ಜೋಳದ ರೊಟ್ಟಿ ಬಡಿದು ಹಾಕಿ, "ಅದನ್ಯಾಕ ತಗೀತೀರಿ ಈಗ," ಎಂದು ಮಾತು ಮುಗಿಸಿದಳಂತೆ. ಡಾಕ್ಟರ ಮನೆಗೂ ಹಬ್ಬಕ್ಕೆ ಫೋನ್ ಮಾಡುತ್ತಾಳೆ. ಅದು ಅವಳ ದೊಡ್ಡತನ. ನನಗೆ ಆ ದೊಡ್ಡತನ ಇಲ್ಲ, ಬೇಕಾಗಿಯೂ ಇಲ್ಲ. ಡಾಕ್ಟರು ಈವರೆಗೆ ಅವಳ ಬಳಿ ತಪ್ಪಾಯಿತು ಎಂಬ ಒಂದು ಮಾತು ಆಡಿಲ್ಲ. ಆಡುವ ತನಕ ನಾನು ಅವರ ಮನೆಯ ಹೊಸಿಲು ತುಳಿಯುವುದಿಲ್ಲ.